ಲಾರಿ ಸಾಲಿನಲ್ಲಿ ಸಿಕ್ಕವನು

“ನೀವಾ...!”

ಧೂಳಿಗೆಂದು ಮುಖಕ್ಕೆ ಸುತ್ತಿದ್ದ ಟವೆಲ್ಲನ್ನು ಡ್ರೈವರ್ ಬಿಚ್ಚಿದ್ದೇ ತಡ, ಹಿಂದಿನ ಸೀಟಿನಲ್ಲಿದ್ದ ಚಂದನಾ ಕೂಗಿದಳು.

ಕಾಂತೇಶ್! ಹೋದ ವರ್ಷ ಇಟ್ಟಿಗಿ ಊರಿನಿಂದ ಅವಳನ್ನು ನೋಡಲು ಬಂದವನು. ಅವಳು ಕೈಯಾರೆ ಮಾಡಿದ ಉಪ್ಪಿಟ್ಟನ್ನು ಮುಟ್ಟದೆ ಎದ್ದು ಹೋದವನು. ತಟ್ಟೆ ಮುಟ್ಟದೆ ಎದ್ದರೆ ಹುಡುಗಿಯನ್ನು ಒಲ್ಲೆ ಅಂತಲೇ ಅರ್ಥ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ.

ಸಿಟ್ಟು ಬಂದಿತ್ತು. ಆ ಕಣ್ಣು ಮಾತ್ರ ಮರೆತಿರಲಿಲ್ಲ...

ಹೊಸಪೇಟೆಯಲ್ಲಿ ಅವಸರಕ್ಕೆ ಬಾಡಿಗೆ ಹಿಡಿದ ಟ್ರ್ಯಾಕ್ಸ್ ಗಾಡಿ ಇವನದೇ ಆಗಬೇಕಾ?

ಕೂಡ್ಲಿಗಿ ಇನ್ನೂ ದೂರ. ಮುಂದೆ ಅದಿರಿನ ಲಾರಿಯೊಂದು ಆಕ್ಸಲ್ ಮುರಿದು ಹೆದ್ದಾರಿಗೆ ಅಡ್ಡ ಕೂತಿತ್ತು. ಕಣ್ಣು ಹಾಯುವಷ್ಟು ದೂರ ಲಾರಿಗಳೇ. ಕೆಂಪು ಧೂಳು, ಹಾರ್ನ್, ಬೈಗುಳ.

ಪಕ್ಕದಲ್ಲಿದ್ದ ಸೋದರತ್ತೆ ಉಚ್ಚಂಗೆಮ್ಮ ಚಡಪಡಿಸಿದಳು. “ಲಗೂನ ಹೊಡಿಯಪ್ಪಾ! ಹರಪನಹಳ್ಳಿ ಬೀಗರು ಎಲಿ-ಅಡಿಕಿ ಹಿಡಕೊಂಡು ಕೊಟ್ಟೂರಿಗೆ, ನಮ್ಮನಿಗೆ ಬಂದಿರ್ತಾರ. ಮದುವಿ ಮಾತು ಗಟ್ಟಿ ಆಗಬೇಕು, ಹುಡುಗಿ ನೋಡಿದ್ರ ಇಲ್ಲೇ ಅದಾಳ!”

“ಎಲ್ಲಿ ಹೊಡೀಲಿ ಅಮ್ಮಾರೆ, ಲಾರಿ ಮ್ಯಾಲ ಹತ್ತಿಸಲಾ?” ಅಂದ ಕಾಂತೇಶ್. ಮರುಕ್ಷಣ ದನಿ ತಗ್ಗಿತು. “ಎಲಿ-ಅಡಿಕಿನಾ... ಇವತ್ತಾ?”

ಚಂದನಾಗೆ ರೇಗಿತು. “ಯಾಕ್ರೀ? ನೀವು ಒಲ್ಲೆ ಅಂದ್ರ ಊರೆಲ್ಲಾ ಒಲ್ಲೆ ಅನ್ನಬೇಕಾ?”

“ನಾನಾ? ಕೊಡಂಗಿಲ್ಲ ಅಂತ ಹೇಳಿ ಕಳಿಸಿದೋರು ನಿಮ್ಮಪ್ಪಾರು!”

“ಉಪ್ಪಿಟ್ಟು ಮುಟ್ಟದ ಎದ್ದೋರು ಯಾರು? ಅದಕ್ಕs ಅಪ್ಪ ಹಂಗ ಹೇಳಿ ಕಳಿಸಿದ್ದು!”

ಅವನು ಪೂರ್ತಿ ತಿರುಗಿ ಕುಳಿತ. “ಅವತ್ತು ಐತಾರ ಅಲ್ಲೇನ್ರೀ! ನಮ್ಮನಿ ದೇವ್ರು ಮೈಲಾರಲಿಂಗ. ಐತಾರ ಹೊತ್ತು ಮುಳುಗೋಮಟ ನಾನು ಬಾಯಾಗ ಏನೂ ಹಾಕಂಗಿಲ್ಲ. ನಿಮಗ ಗೊತ್ತಿರತೈತಿ ಅನ್ಕೊಂಡೆ...”

ಚಂದನಾಳ ಮನೆಯಲ್ಲಿ ಒಪ್ಪತ್ತು ಸೋಮವಾರ, ಕೊಟ್ಟೂರೇಶನ ಹೆಸರಲ್ಲಿ. ಭಾನುವಾರದ ನೆನಪು ಯಾರಿಗೆ ಬರಬೇಕು?

ಅಯ್ಯೋ ದೇವರೇ... ಒಂದು ವರ್ಷ ನಾನು ಮುನಿಸಿಕೊಂಡದ್ದು ಇವನ ಉಪವಾಸದ ಮೇಲಾ!

“ಅವತ್ತು ಬಾಯಿಗೂ ಉಪವಾಸ ಇತ್ತೇನಪ್ಪಾ? ಒಂದು ಮಾತು ಹೇಳಾಕ ಏನಾಗಿತ್ತು?” ಉಚ್ಚಂಗೆಮ್ಮ ಗದರಿದಳು.

ಅವನು ತಲೆ ತಗ್ಗಿಸಿದ. “ಇವರನ್ನ ನೋಡಿದ ಮ್ಯಾಲ ಮಾತs ಬರಲಿಲ್ರೀ... ಆಮ್ಯಾಲ ಇನ್ನೊಂದು ಮನಿಗಿ ಹೆಣ್ಣು ನೋಡಾಕೂ ಹೋಗಿಲ್ಲ.”

ಚಂದನಾ ಬಾಗಿಲು ತೆಗೆದು ಇಳಿದಳು. ಲಾರಿಗಳ ಸಂದಿಯಲ್ಲಿ ಹಾದು, ದಾರಿ ಬದಿಯ ಚಾದಂಗಡಿಯ ರೂಪಾಯಿ ಫೋನಿಗೆ ನಾಣ್ಯ ಹಾಕಿದಳು. ಕಾಂತೇಶ್ ಗಾಬರಿಯಿಂದ ಹಿಂದೆಯೇ ಬಂದ.

“ಅಪ್ಪಾ, ಎಲಿ ತಗೋಬ್ಯಾಡ್ರಿ!” ಎಂದವಳೇ ನಡೆದದ್ದೆಲ್ಲ ಹೇಳಿದಳು.

ಆ ಕಡೆ ಅಪ್ಪ ಪಾಲಾಕ್ಷಪ್ಪ ಪಿಸುಗುಟ್ಟಿದ. “ಬಂದು ಕುಂತೋರಿಗೆ ಏನು ಹೇಳ್ಲೆವ್ವಾ?”

“ನಾನs ಬಂದು ಕೈ ಮುಗಿದು ಹೇಳ್ತೀನಿ. ಮನಸ್ಸಿಲ್ಲದ ಎಲಿ ತಗೊಂಡ್ರ ಅವರಿಗೂ ಮೋಸ ಅಲ್ಲೇನಪ್ಪಾ?”

ಅಪ್ಪನಿಗೆ ಆ ಮಾತು ನಾಟಿತು.

“ಆ ಹುಡುಗನ ಕೈಯಾಗ ಕೊಡು.”

ಕಾಂತೇಶ್ ಎರಡೂ ಕೈಯಲ್ಲಿ ಫೋನು ಹಿಡಿದ. “ಹೂಂ ರೀ... ಹೂಂ ರೀ...” ಬಿಟ್ಟರೆ ಬೇರೆ ಮಾತಿಲ್ಲ. ಇಟ್ಟಾಗ ಅವನ ಕಣ್ಣು ತುಂಬಿತ್ತು.

“ಏನಂದ್ರು?”

“ಮೊದಲು ಬೈದ್ರು... ಆಮ್ಯಾಲ, ‘ಸಾವಕಾಶ ಗಾಡಿ ಹೊಡಕೊಂಡು ಬಾರಪ್ಪಾ, ಮಗಳು ಅದಾಳ’ ಅಂದ್ರು.”

ಅಷ್ಟರಲ್ಲಿ ಮುಂದಿನ ಲಾರಿಗಳು ಕದಲಿದವು. ಉಚ್ಚಂಗೆಮ್ಮ ಟ್ರ್ಯಾಕ್ಸಿನ ಹಿಂದಿನ ಸೀಟಿನಿಂದಲೇ ಬಾಗಿ ಹಾರ್ನ್ ಒತ್ತತೊಡಗಿದಳು.

“ದಾರಿ ಬಿಟ್ಟೈತಿ. ಹೋಗೋಣೇನ್ರೀ?” ಅಂದ ಅವನು.

ಚಂದನಾ ಅವನ ಕಣ್ಣಲ್ಲೇ ಕಣ್ಣಿಟ್ಟು ನಕ್ಕಳು.

“ನಡೀರಿ. ಈ ಸಲ ನಾನು ಮುಂದ, ನಿಮ್ಮ ಪಕ್ಕಕ್ಕ ಕುಂದರ್ತೀನಿ.”