ಅಂಚಿನ ಅರ್ಧಚಂದ್ರ

ಕಾಮಿಕ್ಸ್ ಮೇಳದ ಬಾಗಿಲು ತೆರೆದು ಅರ್ಧ ಗಂಟೆಯೂ ಆಗಿರಲಿಲ್ಲ. ಒಂದೇ ಕಥೆ ಎರಡು ಪುಸ್ತಕಗಳಲ್ಲಿ ಸಿಕ್ಕಿಬಿತ್ತು.

ಒಂದು ಪುಸ್ತಕ ಆಸ್ಪತ್ರೆಯ ನರ್ಸಮ್ಮನ ಮೇಜಿನ ಮೇಲಿತ್ತು. ಐವರು ಗೆಳತಿಯರು ತಾವೇ ಬರೆದು, ತಾವೇ ಅಚ್ಚು ಹಾಕಿ, ತಾವೇ ಪಿನ್ನು ಹೊಡೆದ ಸಂಕಲನ. ಅದರಲ್ಲಿ ನರ್ಸಮ್ಮನದು ಹನ್ನೆರಡು ಪುಟ. ಲಿಫ್ಟ್ ನಡೆಸುತ್ತಿದ್ದ ಅಪ್ಪ, ಮರೆವು ಬಂದ ಮೇಲೆ ಮನೆಯ ಕಪಾಟಿನೊಳಗೆ ನಿಂತು "ಎಷ್ಟನೇ ಮಹಡಿ?" ಎಂದು ಕೇಳುವ ಕಥೆ.

ಇನ್ನೊಂದು ಪುಸ್ತಕ ಡ್ರಾಯಿಂಗ್ ಮೇಷ್ಟ್ರ ಕೈಯಲ್ಲಿತ್ತು. ಅದೇ ಅಪ್ಪ, ಅದೇ ಕಪಾಟು. ಹಿಂಬದಿಯಲ್ಲಿ ಹೋದ ವರ್ಷದ ತಾರೀಖು.

"ಹಾಡಹಗಲೇ ದರೋಡೆ!" ಎಂದು ಮೇಷ್ಟ್ರು ಗುಡುಗಿದರು.

ಮೇಳದ ಸಂಚಾಲಕಿ ತಾರೀಖು ನೋಡಿದಳು. "ಮಧ್ಯಾಹ್ನದೊಳಗೆ ಮೇಜು ಖಾಲಿ ಮಾಡಮ್ಮ."

"ಅದು ನಮ್ಮಪ್ಪ ಕಣ್ರೀ," ಎಂದಳು ನರ್ಸಮ್ಮ.

* * *

ಪಕ್ಕದಲ್ಲಿ ನಿಂತಿದ್ದವಳು ರಿಪೇರಿಯಕ್ಕ. ಊರಿನ ಅಂಗಡಿಗಳ ಕಾಪಿ ಯಂತ್ರಗಳ ನಾಡಿ ಹಿಡಿಯುವುದು ಅವಳ ಕಸುಬು. ಇಂಥ ಪುಟ್ಟ ಪುಸ್ತಕ ಓದುವುದು ಅವಳ ಹುಚ್ಚು. ಅವಳು ನರ್ಸಮ್ಮನನ್ನು ಬದಿಗೆ ಕರೆದಳು.

"ಅಚ್ಚಿಗೆ ಮುಂಚೆ ಯಾರಿಗಾದ್ರೂ ತೋರಿಸಿದ್ಯಾ?"

"ಮೇಷ್ಟ್ರಿಗೇ. ಐದು ವಾರದ ಹಿಂದೆ, ತಿದ್ದಿ ಕೊಡಿ ಅಂತ."

"ಸಾಕ್ಷಿ?"

"ಗುರುಗಳ ಹತ್ರ ಯಾರಾದ್ರೂ ರಸೀತಿ ಕೇಳ್ತಾರಾ ಅಕ್ಕ?"

ರಿಪೇರಿಯಕ್ಕ ಮೇಷ್ಟ್ರ ಪುಸ್ತಕ ಒಂದನ್ನು ಕೊಂಡಳು. ಹಾಳೆ ಹಳದಿ. ಹಳೆಯದಾಗಿ ಕಾಣಲೆಂದು ಚಹಾದಲ್ಲಿ ಅದ್ದಿರಬೇಕು ಎಂದು ಮೂಸಿದಳು. ಊಹೂಂ. ಅಗ್ಗದ ಹಾಳೆ, ಹುಟ್ಟಾ ಹಳದಿ. ಪಿನ್ನು ಮಾತ್ರ ಫಳಫಳ ಹೊಳೆಯುತ್ತಿತ್ತು.

"ಪಿನ್ನು ಹೊಸದು, ಮೇಷ್ಟ್ರೇ?"

"ಹಳೇದು ತುಕ್ಕು ಹಿಡೀತು, ಬದಲಾಯಿಸಿದೆ. ಅದೂ ಅಪರಾಧಾನಾ?"

ಸುತ್ತಲಿದ್ದವರು ನಕ್ಕರು. ಎರಡು ದಾರಿಯೂ ಮುಚ್ಚಿತು. ಗಡಿಯಾರ ಹನ್ನೊಂದೂಮುಕ್ಕಾಲು ತೋರಿಸುತ್ತಿತ್ತು.

ಅವಳು ಮತ್ತೆ ಪುಟ ತಿರುವಿದಳು. ಈ ಸಲ ಚಿತ್ರ ನೋಡಲಿಲ್ಲ. ಖಾಲಿ ಅಂಚು ನೋಡಿದಳು. ಅಲ್ಲೊಂದು ಕಪ್ಪು ಚುಕ್ಕಿ. ಸಾಸಿವೆಯಷ್ಟು, ಅರ್ಧಚಂದ್ರದ ಆಕಾರ. ಕೆಳಗೆ ಮತ್ತೊಂದು. ಅದರ ಕೆಳಗೆ ಇನ್ನೊಂದು. ಅಳತೆಪಟ್ಟಿ ಇಟ್ಟಳು. ನಡುವೆ ತೊಂಬತ್ತನಾಲ್ಕು ಮಿಲಿಮೀಟರ್. ಪ್ರತಿ ಪುಟದಲ್ಲೂ ಅಷ್ಟೇ.

ಹೊರಗೆ ನಿಂತಿದ್ದ ತನ್ನ ರಿಪೇರಿ ವ್ಯಾನಿನತ್ತ ಓಡಿದಳು.

* * *

ಹನ್ನೆರಡಕ್ಕೆ ಐದು ನಿಮಿಷ. ರಿಪೇರಿಯಕ್ಕ ಮೇಜಿನ ಮೇಲೆ ಹಸಿರು ಕೊಳವೆಯೊಂದನ್ನು ಇಟ್ಟಳು.

"ಇದು ಕಾಪಿ ಯಂತ್ರದ ಡ್ರಮ್. ಇದು ಒಂದು ಸುತ್ತು ಹಾಕಿದ್ರೆ ತೊಂಬತ್ತನಾಲ್ಕು ಮಿಲಿಮೀಟರ್. ಇದರ ಮೈ ಮೇಲೆ ಗಾಯ ಆದ್ರೆ, ಸುತ್ತಿಗೊಂದು ಚುಕ್ಕಿ ಹಾಳೆ ಮೇಲೆ ಬೀಳುತ್ತೆ. ಗಾಯ ನೋಡಿ."

ಸಂಚಾಲಕಿ ಬಗ್ಗಿದಳು. ಹಸಿರು ಮೈಯ ಮೇಲೆ ಸಣ್ಣ ಅರ್ಧಚಂದ್ರ.

"ಯಾವ ಅಂಗಡೀದು?"

"ಮೇಷ್ಟ್ರ ಮನೆ ಎದುರಿನದು. ಮೂರು ವಾರದ ಹಿಂದೆ, ಸೋಮವಾರ, ಪಿನ್ನೊಂದು ಒಳಗೆ ಬಿದ್ದು ಗೀರಿತು. ಶುಕ್ರವಾರ ನಾನೇ ಬದಲಾಯಿಸಿದೆ, ಬಿಚ್ಚಿದ್ದು ನನ್ನ ವ್ಯಾನಿನಲ್ಲೇ ಉಳೀತು. ರಿಪೇರಿ ಚೀಟಿ ಮೇಲೆ ತಾರೀಖು, ಅಂಗಡಿಯವರ ಸಹಿ ಇಲ್ಲಿದೆ. ಈ ಗಾಯ ಬದುಕಿದ್ದೇ ನಾಲ್ಕು ದಿನ. ಹೋದ ವರ್ಷದ ಪುಸ್ತಕಕ್ಕೆ ಇದರ ಗುರುತು ಹೇಗೆ ಬಂತು, ಮೇಷ್ಟ್ರೇ?"

"ಚು... ಚುಕ್ಕಿ ಯಾವ ಯಂತ್ರದಲ್ಲಾದ್ರೂ ಬೀಳುತ್ತೆ."

"ಬೀಳುತ್ತೆ. ಇದೇ ಆಕಾರ, ಇದೇ ಅಂಚು, ಇದೇ ಅಂತರ? ಫೋನ್ ಮಾಡಿ, ಅಂಗಡಿಯವರನ್ನೇ ಕೇಳೋಣ."

ಸಂಚಾಲಕಿ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಹಿಡಿದಳು. "ಹೂಂ, ಡ್ರಾಯಿಂಗ್ ಮೇಷ್ಟ್ರು ತಾನೇ?" ಎಂದಿತು ಅತ್ತಲಿನ ದನಿ. "ಆ ಬುಧವಾರ ಐವತ್ತು ಪ್ರತಿ ಮಾಡಿಸಿದ್ರು. ಚುಕ್ಕಿ ಬೀಳುತ್ತೆ, ಎರಡು ದಿನ ತಡೀರಿ ಅಂದೆ. ಕೇಳಲಿಲ್ಲ."

ಮೇಷ್ಟ್ರ ಮುಖ ಇಂಗು ತಿಂದ ಮಂಗನಂತಾಯಿತು. "ಎಂಟು ವರ್ಷದಿಂದ ಒಂದು ಕಥೆಯೂ ಹುಟ್ಟಲಿಲ್ಲ ನನಗೆ," ಎಂದರು ಕೊನೆಗೆ. ಪುಸ್ತಕಗಳನ್ನು ಬಾಚಿಕೊಂಡು ಹೊರಟವರನ್ನು ಸಂಚಾಲಕಿ ತಡೆದಳು. "ಅವು ಇಲ್ಲೇ ಇರ್ಲಿ. ಮೊದಲು ಆಕೆ ಹತ್ರ ಕ್ಷಮೆ ಕೇಳಿ. ಮೈಕಿನಲ್ಲಿ."

ಕೇಳಿದರು. ಸಭಾಂಗಣ ಚಪ್ಪಾಳೆಯಿಂದ ನಡುಗಿತು. ಅದು ಮೇಷ್ಟ್ರಿಗಲ್ಲ.

* * *

ಮೂರು ಗಂಟೆಗೆ ನರ್ಸಮ್ಮನ ಮೇಜಿನ ಮುಂದಿನ ಸಾಲು ಬಾಗಿಲು ದಾಟಿತ್ತು. ಜ್ವರದ ಪಟ್ಟಿ ಬಿಟ್ಟು ಬೇರೆಲ್ಲೂ ಸಹಿ ಹಾಕಿ ಗೊತ್ತಿಲ್ಲದ ಕೈ, ಈಗ ಪುಸ್ತಕದ ಮೇಲೆ ಪುಸ್ತಕಕ್ಕೆ ಸಹಿ ಹಾಕುತ್ತಿತ್ತು. ತಲೆ ಎತ್ತಿದರೆ ಎದುರಿಗೆ ರಿಪೇರಿಯಕ್ಕ.

"ಅಯ್ಯೋ, ನೀವ್ಯಾಕಕ್ಕ ಸಾಲಲ್ಲಿ?"

"ಸುಮ್ನೆ ಸಹಿ ಹಾಕಮ್ಮ. ಬೆಳಿಗ್ಗೆಯಿಂದ ಬರೀ ಅಂಚು ಓದಿದ್ದಾಯ್ತು. ಇನ್ನು ನಿಮ್ಮಪ್ಪನ್ನ ನೋಡ್ಬೇಕು."