ಕಿವಿ ಕೂಡಿದ ಮೇಲೆ

“ಸೆರಗ ಸರಸ್ರಿ. ಮುಚ್ಚಿಟ್ಟ ಕಿವಿ ನಾ ಹೆಂಗ ಹೊಲೀಲಿ?”

ಅಬೇದಾಳ ಬೆರಳುಗಳು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದವು.

ಅಕ್ಕನ ಮದುವೆಯಲ್ಲಿ ಯಾರದೋ ಮಗು ಅವಳ ಭಾರದ ಜುಮುಕಿಗೆ ಜೋತುಬಿದ್ದು, ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಆಮೇಲೆ ಅವಳನ್ನು ನೋಡಲು ಬಂದವರು ಕಿವಿ ಕಂಡೊಡನೆ ಶರಬತ್ತು ಅರ್ಧಕ್ಕೆ ಬಿಟ್ಟು ಎದ್ದಿದ್ದರು.

ಅದಕ್ಕೇ ತಾಯಿ ಗುಲಾಬಬಿ ಇಳಕಲ್ಲಿನಿಂದ ಚಕ್ಕಡಿ ಕಟ್ಟಿಸಿಕೊಂಡು, ಚೊಳಚಗುಡ್ಡದ ವೈದ್ಯ ಶಂಕ್ರಪ್ಪನವರ ಪಡಸಾಲೆಗೆ ಮಗಳನ್ನು ಕರೆತಂದಿದ್ದಳು. ಹರಿದ ಕಿವಿ ಕೂಡಿಸುವುದು ಆ ಮನೆತನದ ವಿದ್ಯೆ. ಈಗ ಅವರ ಕಣ್ಣು ಮಂಜು. ಇಂದು ಸೂಜಿ ಹಿಡಿಯುವವನು ಶಿಷ್ಯ ಇಮಾಮಹುಸೇನ. ಮದ್ದಿನ ಓದು ಮುಗಿಸಿ, ಶಸ್ತ್ರದ ಕೆಲಸವೊಂದನ್ನೇ ಕಲಿಯಲು ಗುರುವಿನ ಬಳಿ ಉಳಿದವನು. ಇಷ್ಟು ದಿನ ಕುಂಬಳಕಾಯಿ ಕೊಯ್ದು, ತೊಗಲಿನ ತುಂಡು ಹೊಲಿದು ಕೈ ಪಳಗಿಸಿಕೊಂಡಿದ್ದ. ಮನುಷ್ಯರ ಮೈಗೆ ಸೂಜಿ ಹಾಕುವುದು ಇದೇ ಮೊದಲು.

ಅವಳು ಸೆರಗು ಸರಿಸಿದಳು.

ಎಲ್ಲರೂ ಆ ಕಿವಿಯನ್ನು ಕಂಡು ಮುಖ ತಿರುಗಿಸುತ್ತಿದ್ದರು, ಇಲ್ಲವೇ ಲೊಚಗುಟ್ಟುತ್ತಿದ್ದರು. ಇವನು ಮಾತ್ರ ಕಣ್ಣರಳಿಸಿ ನೋಡಿದ. ಅಲ್ಲಿ ಏನೋ ಚೆಂದದ್ದು ಇದ್ದ ಹಾಗೆ...

ನಂತರ ಅವನು ಸೂಜಿ ಬಿಟ್ಟು ಚೂರಿ ಎತ್ತಿಕೊಂಡ.

“ಹರಿದದ್ದು ಸಾಲದೇನ್ರಿ? ಮತ್ತ ಕೊಯ್ತೀರಿ?”

“ಈ ಅಂಚು ಮಾಯ್ದು ಗಟ್ಟಿ ಆಗ್ಯಾವ್ರಿ. ಮಾಯ್ದ ಅಂಚು ಒಂದನ್ನೊಂದು ಹಿಡಿಯಂಗಿಲ್ಲ. ಹಸಿ ಗಾಯ ಮಾಡಿದ್ರನ ಕೂಡತಾವ.”

ನೋವಿಗೆ ಅವಳ ಕಣ್ಣಲ್ಲಿ ನೀರು ಬಂತು. ಆದರೂ ಹೊಲಿಗೆ ಮುಗಿಯುವವರೆಗೆ ಅವಳು ಏಳಲಿಲ್ಲ.

ತಾಯಿ ಮಗಳು ಅದೇ ಊರಿನ ನೆಂಟರ ಮನೆಯಲ್ಲಿ ಉಳಿದರು. ದಿನಾ ಬೆಳಿಗ್ಗೆ ವೈದ್ಯರ ಪಡಸಾಲೆಯಲ್ಲಿ ಇಮಾಮಹುಸೇನ ಗಾಯಕ್ಕೆ ತುಪ್ಪ, ಜೇನು ಸವರಿ ಅರಳೆ ಇಟ್ಟು ಪಟ್ಟಿ ಕಟ್ಟುತ್ತಿದ್ದ. ಯಾರೆದುರೂ ಬಾಯಿ ಬಿಡದ ಅಬೇದಾ ಅವನನ್ನು ಒಂದರ ಹಿಂದೊಂದು ಪ್ರಶ್ನೆ ಕೇಳತೊಡಗಿದಳು. ಆ ಚಿಮಟಕ್ಕೆ ಕೊಕ್ಕರೆಯ ಮೂತಿ ಯಾಕೆ, ಈ ಇಕ್ಕಳಕ್ಕೆ ಕಾಗೆಯ ಕೊಕ್ಕು ಯಾಕೆ? ಅವನು ಒಂದೊಂದನ್ನೂ ಅವಳ ಕೈಗೆ ಕೊಟ್ಟು ಹೇಳುತ್ತಿದ್ದ. ಗುಲಾಬಬಿ ಒಮ್ಮೆ, ಹೊಲಿಸಿಕೊಳ್ಳಾಕ ಬಂದೀಯೋ ವೈದ್ಯಕಿ ಕಲಿಯಾಕ ಬಂದೀಯೋ ಎಂದು ಚುಚ್ಚಿದ್ದೂ ಆಯಿತು.

ಒಂದು ಬೆಳಿಗ್ಗೆ ಅವನು ಬರಲಿಲ್ಲ. ಗುರುಗಳೇ ತಡವರಿಸುತ್ತ ಬಂದು, ಬೆರಳ ತುದಿಯಿಂದ ಗಾಯ ತಿಳಿದುಕೊಂಡು ಪಟ್ಟಿ ಕಟ್ಟಿದರು. ಮರುದಿನವೂ ಅವರೇ. ಅಂಗಳದಾಚೆ ಇಮಾಮಹುಸೇನ ಬೆನ್ನು ಮಾಡಿ ಕುಂಬಳಕಾಯಿಯ ಮುಂದೆ ಕುಳಿತಿದ್ದ. ಒಮ್ಮೆಯೂ ತಿರುಗಲಿಲ್ಲ.

ಕಿವಿ ಕೂಡಿತು, ಅವನ ಕುತೂಹಲ ತೀರಿತು. ನಾನೂ ಅವನಿಗೆ ಒಂದು ಕುಂಬಳಕಾಯಿಯೇ... ಹಾಗಾದರೆ ಆ ಕಣ್ಣು ಅಷ್ಟು ದಿನ ನೋಡಿದ್ದು ಕಿವಿಯನ್ನೋ, ನನ್ನನ್ನೋ?

ಹೊಲಿಗೆ ಬಿಚ್ಚುವ ದಿನ ಅವಳಿಗೆ ತಡೆಯಲಾಗಲಿಲ್ಲ. ತಲೆ ತಗ್ಗಿಸಿ, ನಿಮ್ಮ ಶಿಷ್ಯರಿಗೆ ನನ್ನ ಮೇಲೆ ಸಿಟ್ಟೇ ಎಂದು ಗುರುಗಳನ್ನು ಕೇಳಿಯೇಬಿಟ್ಟಳು.

ಶಂಕ್ರಪ್ಪನವರು ನಕ್ಕರು.

“ಸಿಟ್ಟಲ್ಲ ಮಗಳ. ಕಣ್ಣು ಗಾಯದ ಮ್ಯಾಲೆ ನಿಲ್ಲದಿದ್ರ ಕೈ ಹಚ್ಚಬಾರದು, ಅದು ನಮ್ಮ ಮನಿ ಕಟ್ಟಳಿ. ‘ಕಣ್ಣು ಮುಖದ ಮ್ಯಾಲೆ ಹೊಂಟಾವ್ರಿ, ನೀವ ಕಟ್ರಿ’ ಅಂತ ತಾನ ಬಂದು ಹೇಳಿದ. ನಾನೇನೂ ಬೈಲಿಲ್ಲವ್ವಾ.”

ಅಬೇದಾ ಎದ್ದು ಅಂಗಳ ದಾಟಿದಳು. ನೆರಳು ಬಿದ್ದದ್ದಕ್ಕೆ ಅವನು ತಲೆ ಎತ್ತಿದ. ಎಷ್ಟೋ ತಿಂಗಳ ಮೇಲೆ ಮೊದಲ ಬಾರಿ ಅವಳ ಸೆರಗು ಹೆಗಲ ಮೇಲಿತ್ತು. ಕಿವಿ ಒಂದಾಗಿತ್ತು, ನಡುವೆ ಒಂದು ತೆಳು ಗೆರೆ ಮಾತ್ರ.

“ನೋಡ್ರಿ, ಕೂಡೇತಿ. ನಾಳೆ ನಾವು ಇಳಕಲ್ಲಿಗೆ ಹೊಂಟೇವಿ.”

ಅವನು ನೋಡಿದ. ಬಹಳ ಹೊತ್ತು ನೋಡಿದ.

“ಕಿವಿ ಈ ಕಡೆ ಐತ್ರಿ,” ಎಂದಳು ಅವಳು ಮೆಲ್ಲಗೆ.

“ಗೊತ್ತೈತಿ. ಕಿವಿ ಕೆಲಸ ಮುಗೀತು, ಈಗ ನಾ ಎಲ್ಲಿ ನೋಡಿದ್ರೂ ಗುರುಗಳು ಬೈಯಂಗಿಲ್ಲ.” ಅವನ ದನಿ ತಗ್ಗಿತು. “ನಮ್ಮ ಅಬ್ಬಾನ್ನ ಇಳಕಲ್ಲಿಗೆ ಕಳಸಲೇನ್ರಿ, ನಿಮ್ಮ ಮನಿಗೆ?”

“ಕಳಸ್ರಿ. ಶರಬತ್ತು ಪೂರಾ ಕುಡದ ಏಳಬೇಕಂತ ಮೊದ್ಲ ಹೇಳ್ರಿ.”