ಹುಲಗಮ್ಮನ ಗೋಡೆಯ ಕೆಂಪು ಪಟ್ಟಿ

ಸೆಪ್ಟೆಂಬರ್ 18, ಬೆಳಿಗ್ಗೆ 10.20. ಗಂಗಾವತಿ ತಾಲ್ಲೂಕಿನ ಹೊಳೆದಂಡೆಯ ಠಾಣೆಗೆ ಹೊಳೆಹೊಸೂರಿನ ಹುಲಗಮ್ಮ ಎಂಬ ಐವತ್ತೆರಡರ ಹೆಂಗಸು ದೂರು ಕೊಡಲು ಬಂದಳು. ಜೊತೆಗೆ ಸೊಸೆ ಸುನಿತಾ, ಅವಳ ಹೆಗಲ ಮೇಲೆ ನಿದ್ದೆ ಹೋದ ಏಳು ತಿಂಗಳ ಕೂಸು. ಹೆಡ್ ಕಾನ್‌ಸ್ಟೆಬಲ್ ಸುರೇಖಾ ಮೊದಲು ಫ್ಯಾನಿನ ಕೆಳಗಿನ ಬೆಂಚು ತೋರಿಸಿ, ಆಮೇಲೆ ಏನು ದೂರು ಎಂದು ಕೇಳಿದಳು.

ದೂರು ಹೀಗಿತ್ತು. ಜುಲೈ 26ರಂದು ತುಂಗಭದ್ರೆ ಉಕ್ಕಿ ಹುಲಗಮ್ಮನ ಸ್ವಂತ ಮನೆಗೆ ನುಗ್ಗಿತ್ತು. ಹಿಂದಿನ ಕೋಣೆ ಕುಸಿದಿತ್ತು, ಉಳಿದ ಗೋಡೆಗಳು ಬಿರುಕು ಬಿಟ್ಟಿದ್ದವು. ಮನೆಗೆ ಪ್ರವಾಹದ ವಿಮೆ ಇತ್ತು. ಆದರೆ ವಿಮಾ ಕಂಪನಿ ಅರ್ಜಿಯನ್ನು ತಿರಸ್ಕರಿಸಿತ್ತು. ಆಗಸ್ಟ್ 12ರಂದು ಸ್ಥಳ ಪರಿಶೀಲಿಸಲಾಗಿದೆ, ಗೋಡೆಯ ಮೇಲೆ ನೀರಿನ ಗುರುತಿಲ್ಲ, ನೀರು ಒಳಗೆ ಬಂದಿಲ್ಲವೆಂದು ಮನೆಯ ಒಡತಿಯೇ ಬರೆದುಕೊಟ್ಟಿದ್ದಾಳೆ ಎಂದು ಪತ್ರದಲ್ಲಿತ್ತು. ಜೊತೆಗಿಟ್ಟ ಹೇಳಿಕೆಯ ಕೆಳಗೆ ಎಡ ಹೆಬ್ಬೆಟ್ಟಿನ ಗುರುತು.

ಇನ್‌ಸ್ಪೆಕ್ಟರ್ ಕರಿಬಸಪ್ಪ ಪತ್ರವನ್ನು ಎರಡು ಸಲ ಓದಿದರು.

"ನೋಡಾಕ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ. ದಾರಿ ಕಾದು ಕಣ್ಣು ಸೋತ್ವು."

"ಈ ಹೆಬ್ಬೆಟ್ಟು ನಿಂದೇನವ್ವ?"

"ಹೆಬ್ಬೆಟ್ಟು ಒತ್ತೂದು ಬಿಟ್ಟು ಹದಿನೆಂಟು ವರ್ಷ ಆತ್ರಿ ಸಾಹೇಬ್ರ. ಸಹಿ ಕಲ್ತೀನಿ. ಪೆನ್ನು ಕೊಡ್ರಿ, ತೋರಸ್ತೀನಿ."

ನಾಲ್ಕು ಅಕ್ಷರ ಬರೆಯಲು ಅವಳಿಗೆ ಸಮಯ ಹಿಡಿಯಿತು. ಕರಿಬಸಪ್ಪ ಅವಸರ ಮಾಡಲಿಲ್ಲ.

ಸೆಪ್ಟೆಂಬರ್ 30ರೊಳಗೆ ಪೊಲೀಸ್ ದಾಖಲೆ ತಂದರೆ ಮಾತ್ರ ಅರ್ಜಿಯನ್ನು ಮತ್ತೆ ನೋಡುವುದಾಗಿ ಕಂಪನಿ ಹೇಳಿತ್ತು. ಸದ್ಯ ಸಂಸಾರ ಊರ ಶಾಲೆಯ ಒಂದು ಕೋಣೆಯಲ್ಲಿತ್ತು. ದಸರೆ ರಜೆ ಮುಗಿಯುವುದರೊಳಗೆ ಅದನ್ನೂ ಬಿಡಬೇಕಿತ್ತು. ಆಮೇಲೆ ಕೂಸಿನ ತೊಟ್ಟಿಲು ಎಲ್ಲಿ ಕಟ್ಟುವುದೆಂದು ಸುನಿತಾಳಿಗೆ ಗೊತ್ತಿರಲಿಲ್ಲ. 11.05ಕ್ಕೆ ವಂಚನೆ ಮತ್ತು ಖೋಟಾ ದಾಖಲೆಯ ಆರೋಪದಡಿ ಎಫ್‌ಐಆರ್ ದಾಖಲಾಯಿತು.

ಅದೇ ದಿನ ಮಧ್ಯಾಹ್ನ 3 ಗಂಟೆಗೆ ಸ್ಥಳ ಪಂಚನಾಮೆ. ಪಂಚರಾಗಿ ನೆರೆಮನೆಯ ಮುದಿಯಪ್ಪ ಮತ್ತು ಗಾರೆ ಕೆಲಸದ ಗೌಂಡಿ ಮರ್ದಾನಸಾಬ ಬಂದರು. ಒಳಗೆ ಕಾಲಿಟ್ಟ ಕರಿಬಸಪ್ಪನವರಿಗೆ ಕಂಡದ್ದು ಸುಣ್ಣ ಬಳಿದ ಬಿಳಿ ಗೋಡೆ. ಕಂಪನಿಯ ಪತ್ರದ ಜೊತೆ ಬಂದ ಪರಿಶೀಲನಾ ವರದಿಯ ಫೋಟೊದಲ್ಲೂ ಬಿಳಿ ಗೋಡೆಯೇ ಇತ್ತು. ಸುಣ್ಣ ಯಾವಾಗ ಬಳಿದದ್ದು ಎಂದು ಕೇಳಿದರು. ಪಂಚಮಿಗೆ ಎರಡು ದಿನ ಮೊದಲು, ಆಗಸ್ಟ್ 7ಕ್ಕೆ, ತಾನೇ ಬಳಿದೆನೆಂದು ಹುಲಗಮ್ಮ ಒಪ್ಪಿಕೊಂಡಳು.

"ಪುರಾವಿ ಅಳಿಸಿ ಹಬ್ಬಾ ಮಾಡ್ಯಾಳ್ರಿ ನಮ್ಮಕ್ಕ," ಎಂದ ಮುದಿಯಪ್ಪ.

"ಮತ್ತ ರಾಡಿ ಗ್ವಾಡಿ ಮುಂದ ಕುಂತು ನಾಗಪ್ಪಗ ಹಾಲು ಎರೀಲೇನ?"

ಕರಿಬಸಪ್ಪ ಬರೆಯುವುದನ್ನು ನಿಲ್ಲಿಸಿದರು. ನೀರಿನ ಗುರುತೇ ಇಲ್ಲದ ಮೇಲೆ ಪಂಚನಾಮೆಯಲ್ಲಿ ಏನು ಬರೆಯುವುದು? ಸುರೇಖಾ ಮಾತ್ರ ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆಯುತ್ತಿದ್ದಳು.

"ಯಮ್ಮಾ, ನೀರು ಇಳದ ಮ್ಯಾಲ ಗಂಗವ್ವಗ ಅರಿಷಿಣ ಹಚ್ಚಿದ್ದೇನ?"

"ಹಚ್ಚಲಾರದ ಬಿಡ್ತಾರೇನ್ರಿ? ಎಲ್ಲೀತನ ಬಂದಿದ್ಲೋ ಅಲ್ಲಿಗಿ, ಗ್ವಾಡಿ ಉದ್ದಕ ಒಂದು ಪಟ್ಟಿ."

ಹೊಳೆಹೊಸೂರಿನಲ್ಲಿ ಮನೆಗೆ ಬಂದ ಹೊಳೆಯನ್ನು ಯಾರೂ ಬೈಯುವುದಿಲ್ಲ. ನೀರು ಇಳಿದ ಮೇಲೆ, ಅದು ಮುಟ್ಟಿದ ಎತ್ತರಕ್ಕೆ ಅರಿಷಿಣದ ಪಟ್ಟಿ ಎಳೆದು, ಉಡಿ ತುಂಬಿ ಕಳಿಸುತ್ತಾರೆ. ಆ ಅರಿಷಿಣದ ಮೇಲೆಯೇ ಹುಲಗಮ್ಮ ಸುಣ್ಣ ಬಳಿದಿದ್ದಳು. ಅರಿಷಿಣಕ್ಕೆ ಸುಣ್ಣ ಸೇರಿದರೆ ಏನಾಗುತ್ತದೆಂದು ಆರತಿಯ ತಟ್ಟೆ ಹಿಡಿದ ಪ್ರತಿ ಹೆಣ್ಣಿಗೂ ಗೊತ್ತು.

ಸುರೇಖಾ ಕರವಸ್ತ್ರ ತೋಯಿಸಿ ಎದೆಮಟ್ಟದಲ್ಲಿ ಗೋಡೆಯನ್ನು ಒರೆಸಿದಳು. ಕೆಂಪು ಎದ್ದು ಬಂತು. ಅಲ್ಲಿಯವರೆಗೆ ಎಲ್ಲರೂ ತೇವದ ಕಲೆ ಎಂದುಕೊಂಡಿದ್ದ ಮಸುಕು ಗೆರೆ ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ನೇರವಾಗಿ ಓಡಿತ್ತು. ಮರ್ದಾನಸಾಬ ಟೇಪು ಹಿಡಿದ. ನೆಲದಿಂದ ನಾಲ್ಕು ಅಡಿ ಒಂದು ಇಂಚು.

"ಇದು ಆಗಸ್ಟ್ ಏಳರಿಂದ ಐತಿ ಅಂದ್ರ ಹನ್ನೆರಡನೇ ತಾರೀಕಿನ ಫೋಟೊದಾಗೂ ಮಸುಕಾಗ್ಯಾದ್ರೂ ಇರಬೇಕಿತ್ತಲ್ಲ ಸರ್," ಎಂದಳು ಸುರೇಖಾ.

ಫೋಟೊದಲ್ಲಿ ಇರಲಿಲ್ಲ. ಅದು ಈ ಗೋಡೆಯೇ ಅಲ್ಲ. ಕರಿಬಸಪ್ಪ ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದರು. ಬಲಗಡೆಯ ಅಂಚಿನಲ್ಲಿ ಒಂದು ಮರದ ಚೌಕಟ್ಟು, ಅದರಿಂದ ಇಳಿಬಿದ್ದ ನೂಲಿನ ಎಳೆಗಳು. ಮಗ್ಗ. ಹೊಳೆಹೊಸೂರಿನಲ್ಲಿ ಒಂದೂ ಮಗ್ಗವಿಲ್ಲ ಎಂದು ಪಂಚರಿಬ್ಬರೂ ಹೇಳಿದರು.

ಸೆಪ್ಟೆಂಬರ್ 19ರಂದು ಕೊಪ್ಪಳದಲ್ಲಿ ವರದಿಗೆ ಸಹಿ ಹಾಕಿದ್ದ ವಿಮಾ ಸರ್ವೇಯರ್‌ನ ಹೇಳಿಕೆ ಪಡೆಯಲಾಯಿತು. ಆತ ಹಳ್ಳಿಗೆ ಹೋಗಿರಲಿಲ್ಲ, ಫೋಟೊ ನೋಡಿ ಸಹಿ ಹಾಕಿದ್ದ. ಫೋಟೊ ಮತ್ತು ಹೆಬ್ಬೆಟ್ಟಿನ ಹೇಳಿಕೆ ತಂದುಕೊಟ್ಟವನು ಆತನ ಪರವಾಗಿ ಹಳ್ಳಿಗಳಿಗೆ ಹೋಗುವ ಸಹಾಯಕ, ಭಾಗ್ಯನಗರದ ಶರಣಕುಮಾರ. ಸರ್ವೇಯರ್‌ಗೆ ಪ್ರತ್ಯೇಕ ನೋಟಿಸ್ ಕೊಡಲಾಯಿತು.

ಸೆಪ್ಟೆಂಬರ್ 20, ಮಧ್ಯಾಹ್ನ 12.15. ಭಾಗ್ಯನಗರದ ಶರಣಕುಮಾರನ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಮಗ್ಗವಿತ್ತು. ಅದರ ಹಿಂದೆ ಬಿಳಿ ಗೋಡೆ. ಕರಿಬಸಪ್ಪ ಫೋಟೊವನ್ನು ಗೋಡೆಯ ಪಕ್ಕಕ್ಕೆ ಹಿಡಿದರು. ಮೊಳೆ, ಬಿರುಕು ಎರಡೂ ತಾಳೆಯಾದವು. ಮೂವತ್ತರ ಶರಣಕುಮಾರ ಓಡಲಿಲ್ಲ. ಕುರ್ಚಿ ಹಾಕಿದ.

"ಹೆಬ್ಬೆಟ್ಟು ಯಾರ್ದು?"

ಅವನು ತನ್ನ ಎಡಗೈಯನ್ನು ಮೇಜಿನ ಮೇಲಿಟ್ಟ.

"ಸುಳ್ಳು ಬರೆಯೂದಾದ್ರ ನೀರು ಬಂದೈತಿ ಅಂತಾದ್ರೂ ಬರೀಬೇಕಿತ್ತು. ಆ ಹೆಣ್ಣಮಗಳಿಗಿ ಮನಿ ಆಗ್ತಿತ್ತು," ಎಂದರು ಕರಿಬಸಪ್ಪ.

"ಬಂದೈತಿ ಅಂದ್ರ ಮತ್ತೊಮ್ಮೆ ನೋಡ್ಕೊಂಡು ಬಾ ಅಂತ ಕಳಸ್ತಾರ್ರಿ ಸರ್. ಬಂದಿಲ್ಲ ಅಂದ್ರ ಯಾರೂ ಕೇಳೂದಿಲ್ಲ."

1.10ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು.

ಅವನು ಹೊಳೆಹೊಸೂರಿಗೆ ಏಕೆ ಹೋಗಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಅದೇ ಸಂಜೆ 4.30ಕ್ಕೆ, ಮಹಜರಿಗೆಂದು ಅವನನ್ನು ಕರೆತಂದ, ಊರಿನ ಮುಂದಿನ ಹಳ್ಳದ ಸೇತುವೆಯ ಬಳಿ. ಆಗಸ್ಟ್ 12ರಂದು ಅದರ ಮೇಲೆ ಮೊಳಕಾಲುಮಟ್ಟದ ನೀರಿತ್ತು. ಸೇತುವೆಯ ಪಕ್ಕದಲ್ಲಿ ಚಹಾ ಮಾರುವ ಉಡಚಮ್ಮ ಅವನನ್ನು ಗುರುತಿಸಿದಳು. ಬೈಕ್ ನಿಲ್ಲಿಸಿ ಮೂರು ಚಹಾ ಕುಡಿದ, ಎರಡು ಸಲ ನೀರಿನ ತನಕ ಹೋಗಿ ಬಂದ, ಕೊನೆಗೆ ಹೊಳ್ಳಿ ಹೋದ ಎಂದಳು. ಜನ ದಾಟುತ್ತಿದ್ದರು, ಅವನಿಗಾಗಲಿಲ್ಲ. ಚಿಕ್ಕವನಿದ್ದಾಗ ಅವನ ತಾಯಿ ಇಂಥದೇ ಹಳ್ಳದಲ್ಲಿ ಅವನ ಕೈ ಹಿಡಿದು ದಾಟುವಾಗ ಕೊಚ್ಚಿಹೋಗಿದ್ದಳು. ಆಫೀಸಿನಲ್ಲಿ ಇದನ್ನು ಹೇಳಲು ನಾಚಿಕೆಯಾಯಿತೆಂದು ಅವನು ಹೇಳಿದ.

ಮಹಜರಿಗೆ ಸಹಿ ಮಾಡಲು ಹುಲಗಮ್ಮ ಊರ ಕಡೆಯಿಂದ ನಡೆದು ಬಂದಳು. ಎರಡು ದಿನದಿಂದ ಅವಳ ಬಾಯಲ್ಲಿ ಬೈಗುಳ ತಯಾರಿದ್ದವು. ಸುರೇಖಾ ಓದಿದ್ದನ್ನು ಕೊನೆಯತನಕ ಕೇಳಿ, ಅವನ ಕಡೆ ತಿರುಗಿದಳು.

"ಅರ್ಜ್ಯಾಗ ನನ್ನ ಫೋನ್ ನಂಬರ್ ಇತ್ತಲ್ಲೋ ತಮ್ಮಾ. ಕರದಿದ್ರ ನಾನ ಬಂದು ಕೈ ಹಿಡದು ದಾಟಸ್ತಿದ್ದೆ."

ಸೇತುವೆ ಒಣಗಿತ್ತು, ಆದರೂ ಶರಣಕುಮಾರ ಅದರ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆಯೇ ನಿಂತಿದ್ದ.

ಹುಲಗಮ್ಮ ಜೀಪಿನ ಬಾನೆಟ್ ಮೇಲೆ ಕಾಗದವಿಟ್ಟು ಸಹಿ ಮಾಡಿದಳು. ಪಂಚನಾಮೆ ಮತ್ತು ಎಫ್‌ಐಆರ್ ಪ್ರತಿಗಳು 23ರಂದು ಕಂಪನಿಗೆ ತಲುಪಿದವು. ಹೊಸ ಸರ್ವೇಯರ್ 28ರಂದು ಸೇತುವೆ ದಾಟಿ ಬಂದು, ಕೆಂಪು ಪಟ್ಟಿಯ ಪಕ್ಕದಲ್ಲಿ ಹುಲಗಮ್ಮನನ್ನು ನಿಲ್ಲಿಸಿ ಫೋಟೊ ತೆಗೆದ. ಪಟ್ಟಿ ಅವಳ ಎದೆಯ ಮಟ್ಟಕ್ಕಿತ್ತು.